ಚಾಲ್ತಿಯಲ್ಲಿರುವ ಅಡುಗೆಮನೆಯಲ್ಲಿ ಮೂಲಪಾಠವನ್ನು ಇರಿಸತಕ್ಕ ಸ್ಥಳ

ಕೊಡಗಿನ ಹಂದಿಮಾಂಸದ ಸಾರಾದ ಪಂದಿ ಕರಿ ಎರಡು ರೂಪಗಳಲ್ಲಿ ಅಸ್ತಿತ್ವದಲ್ಲಿರುತ್ತದೆ. ಮೊದಲನೆಯದು ಒಲೆಯ ಮೇಲೆ ಕುದಿಯುವ ರೂಪ. ಎರಡನೆಯದು ಅದನ್ನು ಮಾಡುವ ಕ್ರಮವನ್ನು ತಿಳಿಸುವ ಮಾತಿನ ರೂಪ; ಇದನ್ನು ಮೂಲಪಾಠ ಎನ್ನಬಹುದು. ಮೊದಲನೆಯದನ್ನು ಎಲ್ಲಿಡಬೇಕೆಂಬ ಬಗ್ಗೆ ಕೊಡಗಿನಲ್ಲಿ ವಿವಾದ ಹುಟ್ಟಿದ್ದಿಲ್ಲ, ಏಕೆಂದರೆ ಅದು ಬಹಳ ಹೊತ್ತು ಎಲ್ಲಿಯೂ ಇರುವುದಿಲ್ಲ. ಎರಡನೆಯದರ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ.

ದಾಖಲೆ ಕಾಪಾಡುವುದರಲ್ಲಿ ಕೊಡಗಿನ ಮನೆಗಳು ಹಿಂದುಳಿದಿವೆ ಎಂದು ಯಾರೂ ಹೇಳಲಾರರು. ವಂಶಪಾರಂಪರ್ಯದ ಜಮ್ಮಾ ಜಮೀನಿನ ಕಾಗದಗಳು ಟ್ರಂಕಿನಲ್ಲಿವೆ. ಕೋವಿಯ ವಿನಾಯಿತಿ ಪತ್ರ ಬೀರುವಿನಲ್ಲಿದೆ, ಕೋವಿ ಅದರ ಪಕ್ಕದಲ್ಲಿದೆ. ಕೊಡಗಿನ ಅರೇಬಿಕಾ ಕಾಫಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತ ಮೇಲೆ ಅದು ಯಾವ ಊರಿನದೆಂಬುದು ಚೆನ್ನೈನ ನೋಂದಣಿ ಕಚೇರಿಯಲ್ಲೂ ದಾಖಲಾಗಿದೆ. ಆದರೆ ಪಂದಿ ಕರಿಯ ಪಾಕ ಎಲ್ಲಿದೆ ಎಂದು ವಿಚಾರಿಸಿದರೆ, "ಒಳಗಿದ್ದಾರೆ, ಕರೆಯಲಾ?" ಎಂಬ ಉತ್ತರ ಬರುತ್ತದೆ.

ಸಮಸ್ಯೆಯ ಮೂಲ ಅಡುಗೆಮನೆಯ ಸ್ವರೂಪದಲ್ಲೇ ಇದೆ. ಅದು ಚಾಲ್ತಿಯಲ್ಲಿರುವ ವ್ಯವಸ್ಥೆ. ಕಾರ್ಖಾನೆಯಂತೆ ಅದನ್ನು ನಿಲ್ಲಿಸಿ, ಬಿಚ್ಚಿ, ಭಾಗಗಳನ್ನು ಎಣಿಸಿ, ಮತ್ತೆ ಚಾಲೂ ಮಾಡಲಾಗದು. ಹಳೆಯ ಮನೆಗಳಲ್ಲಿ ರಾತ್ರಿ ಕೆಂಡಕ್ಕೆ ಬೂದಿ ಮುಚ್ಚಿ, ಬೆಳಗ್ಗೆ ಅದೇ ಕೆಂಡವನ್ನು ಊದಿ ಒಲೆ ಹೊತ್ತಿಸುತ್ತಿದ್ದರು. ಅಂದರೆ ವ್ಯವಸ್ಥೆ ಮಲಗುತ್ತಿತ್ತೇ ಹೊರತು ನಿಲ್ಲುತ್ತಿರಲಿಲ್ಲ. ಪಾಕದಲ್ಲಿ ಮಾಡುವ ಯಾವ ಬದಲಾವಣೆಯನ್ನಾದರೂ ಸೌಟು ಆಡುತ್ತಿರುವಾಗಲೇ, ಊಟಕ್ಕೆ ಕುಳಿತವರ ಎದುರಿನಲ್ಲೇ ಮಾಡಬೇಕಾಗುತ್ತದೆ.

ಇದೇ ಪ್ರಶ್ನೆ ಕೊಡಗಿನ ಹೊರಗೂ ಒಮ್ಮೆ ಎದ್ದಿದೆ. 1970ರ ದಶಕದಲ್ಲಿ ಅಮೆರಿಕದ ಪಾಲೋ ಆಲ್ಟೋದಲ್ಲಿದ್ದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಅಲನ್ ಕೇ, ಡ್ಯಾನ್ ಇಂಗಾಲ್ಸ್, ಅಡೆಲ್ ಗೋಲ್ಡ್‌ಬರ್ಗ್ ಮೊದಲಾದವರು ಸ್ಮಾಲ್‌ಟಾಕ್ ಎಂಬ ಕಂಪ್ಯೂಟರ್ ಭಾಷೆಯನ್ನೂ ಅದು ವಾಸಿಸುವ ಪರಿಸರವನ್ನೂ ನಿರ್ಮಿಸಿದರು. ಅಲ್ಲಿ ಪ್ರೋಗ್ರಾಮನ್ನು ನಿಲ್ಲಿಸಿ ತಿದ್ದುವ ಪದ್ಧತಿ ಇಲ್ಲ. ಅದು ಓಡುತ್ತಿರುವಾಗಲೇ ತಿದ್ದಬೇಕು. ಇಡೀ ವ್ಯವಸ್ಥೆಯ ಆ ಕ್ಷಣದ ಸ್ಥಿತಿಯನ್ನು ಇಮೇಜ್ ಎಂಬ ಒಂದೇ ಕಡತದಲ್ಲಿ ಉಳಿಸಿ ಮಲಗಬಹುದು. ಬೆಳಗ್ಗೆ ತೆರೆದರೆ ಅರ್ಧ ಬರೆದ ಸಾಲು ಅರ್ಧದಲ್ಲೇ ಕಾಯುತ್ತಿರುತ್ತದೆ. ಪ್ರತಿಯೊಂದು ವಿಧಾನವೂ, ಅಂದರೆ ಪ್ರೋಗ್ರಾಮಿನ ಒಂದೊಂದು ತುಂಡೂ, ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ತಿರುಗಿ ಇಮೇಜಿನೊಳಗೆ ಸೇರುತ್ತದೆ. ಮನುಷ್ಯರು ಓದುವ ಮೂಲಪಾಠವನ್ನು ಮಾತ್ರ ಹೊರಗಿನ ಎರಡು ಕಡತಗಳಲ್ಲಿ ಇಡುತ್ತಾರೆ. ಒಂದು ಸೋರ್ಸಸ್, ಅಂದರೆ ಮೊದಲಿನಿಂದ ಬಂದದ್ದು, ಯಾರೂ ಮುಟ್ಟಬಾರದ್ದು. ಇನ್ನೊಂದು ಚೇಂಜಸ್, ಅಂದರೆ ಆಮೇಲೆ ಮಾಡಿದ ಪ್ರತಿಯೊಂದು ತಿದ್ದುಪಡಿಯನ್ನೂ ಒಂದರ ಕೆಳಗೊಂದು ಸೇರಿಸುತ್ತ ಹೋಗುವ ಕಡತ. ವಿಧಾನದ ಬಾಲದಲ್ಲಿ ಕೆಲವೇ ಬೈಟುಗಳ ಒಂದು ವಿಳಾಸವಿರುತ್ತದೆ: ನನ್ನ ಮೂಲಪಾಠ ಇಂಥ ಕಡತದಲ್ಲಿ ಇಂಥ ಜಾಗದಲ್ಲಿದೆ, ಅಲ್ಲಿ ವಿಚಾರಿಸಿ. ಈ ವಿದ್ವಾಂಸರಿಗೆ ಪಂದಿ ಕರಿಯ ಪರಿಚಯ ಇದ್ದಿರಲಾರದು. ಆದರೂ ಅವರು ತಲುಪಿದ ವ್ಯವಸ್ಥೆ ಕೊಡಗಿನ ಪದ್ಧತಿಗೆ ಎಷ್ಟು ಹತ್ತಿರದಲ್ಲಿದೆ ಎಂಬುದನ್ನು ಮುಂದೆ ನೋಡಬಹುದು.

ಕೊಡಗಿನಲ್ಲಿ ಲಭ್ಯವಿರುವ ಸಂಗ್ರಹಣಾ ಸ್ಥಾನಗಳಲ್ಲಿ ಪ್ರಥಮವಾದದ್ದು ಅಜ್ಜಿಯ ತಲೆ. ಇದರ ಗುಣಗಳು ಹಲವು. ವಿದ್ಯುತ್ ಬೇಡ. ಹುಡುಕುವ ವೇಳೆ ಶೂನ್ಯ. ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಬೀಳುವ ಮಡಿಕೇರಿಯ ಹವೆಯಲ್ಲೂ ಬೂಷ್ಟು ಹಿಡಿಯುವುದಿಲ್ಲ. ಹಂದಿಯ ವಯಸ್ಸು, ಸೌದೆಯ ಹಸಿತನ, ಬಂದ ನೆಂಟರ ದರ್ಜೆ ಇವುಗಳಿಗೆ ತಕ್ಕಂತೆ ಪಾಠ ತನ್ನಷ್ಟಕ್ಕೆ ತಿದ್ದಿಕೊಳ್ಳುತ್ತದೆ. ದೋಷ ಒಂದೇ: ಹೊರಗಿನಿಂದ ಓದಲು ಬರುವುದಿಲ್ಲ. ಕೊಡವ ಮನೆಯ ಮೊಮ್ಮಗಳೊಬ್ಬಳು ಪೆನ್ನು ಹಿಡಿದು ಅಜ್ಜಿಯ ಪಕ್ಕ ನಿಂತಾಗ ನಡೆಯುವ ವಿಚಾರಣೆಯ ಸ್ವರೂಪ ಹೀಗಿರುತ್ತದೆ:

"ಅಜ್ಜಿ, ಕಾಚಂಪುಳಿ ಎಷ್ಟು ಹಾಕುವುದು?"

"ಬೇಕಾದಷ್ಟು."

"ಬೇಕಾದಷ್ಟು ಅಂದರೆ?"

"ಜಾಸ್ತಿ ಆಗದಷ್ಟು."

ಈ ಎರಡು ಉತ್ತರಗಳು ಸೇರಿ ಒಂದು ಕೆಳಮಿತಿಯನ್ನೂ ಒಂದು ಮೇಲ್ಮಿತಿಯನ್ನೂ ನಿಗದಿಪಡಿಸುತ್ತವೆ. ಗಣಿತದ ದೃಷ್ಟಿಯಿಂದ ಆಕ್ಷೇಪಿಸಲು ಏನೂ ಇಲ್ಲ. ಪ್ರಾಯೋಗಿಕ ದೃಷ್ಟಿಯಿಂದ ಮಾತ್ರ ಸ್ವಲ್ಪ ತೊಡಕಿದೆ. ಕಾಚಂಪುಳಿ ಸಾಮಾನ್ಯ ಹುಳಿಯಲ್ಲ. ಮಳೆಗಾಲದಲ್ಲಿ ಬಿದ್ದ ಒಂದು ಜಾತಿಯ ಹುಳಿ ಹಣ್ಣುಗಳನ್ನು ಬುಟ್ಟಿಯಲ್ಲಿ ಹರಡಿ, ಕೊಳೆತಂತೆ ತೊಟ್ಟಿಕ್ಕುವ ರಸವನ್ನು ಕೆಳಗಿನ ಪಾತ್ರೆಯಲ್ಲಿ ಹಿಡಿದು, ಅದು ಟಾರಿನಂತೆ ಕಪ್ಪಗೆ ಗಟ್ಟಿಯಾಗುವವರೆಗೆ ಕುದಿಸಿ ಇಳಿಸಿದ ಪದಾರ್ಥ. ಬಾಟಲಿಯಲ್ಲಿ ವರ್ಷಗಟ್ಟಲೆ ಕೆಡದೆ ಇರುತ್ತದೆ. ಕೆಳಮಿತಿ ತಪ್ಪಿದರೆ ಕರಿ ಬೇರೆ ಜಿಲ್ಲೆಯದಾಗುತ್ತದೆ. ಮೇಲ್ಮಿತಿ ತಪ್ಪಿದರೆ ಹಲ್ಲು ಜುಂ ಎನ್ನುತ್ತದೆ. ಎರಡರ ನಡುವಿನ ಅಂತರ ಹೆಚ್ಚೆಂದರೆ ಅರ್ಧ ಚಮಚ. ಆ ಅರ್ಧ ಚಮಚದಲ್ಲಿ ಒಂದು ಜನಾಂಗದ ಮಾನ ನಿಂತಿದೆ.

ಮಸಾಲೆ ಪುಡಿಯ ವಿಷಯವೂ ಇದೇ. ಕೊತ್ತಂಬರಿ, ಜೀರಿಗೆ, ಒಳ್ಳೆಮೆಣಸು, ಸಾಸಿವೆ, ಮೆಂತ್ಯಗಳನ್ನು ಹುರಿಯಬೇಕು ಎಂಬಲ್ಲಿಯವರೆಗೆ ಸಹಮತವಿದೆ. ಎಷ್ಟು ಹುರಿಯಬೇಕು ಎಂದರೆ, "ಕಪ್ಪಾಗಬೇಕು, ಸೀಯಬಾರದು." ಕಪ್ಪಾಗುವುದಕ್ಕೂ ಸೀಯುವುದಕ್ಕೂ ನಡುವೆ ಒಂದು ಉಸಿರಿನಷ್ಟು ಕಾಲವಿದ್ದು, ಆ ಉಸಿರಿನಲ್ಲಿ ಬಾಣಲೆಯ ಅಂಚಿನಿಂದ ನೀಲಿ ಹೊಗೆಯ ಎಳೆಯೊಂದು ಮೇಲೇಳುತ್ತದೆ. ಅಜ್ಜಿ ಅದನ್ನು ನೋಡುವುದಿಲ್ಲ. ಅವರು ಆಗ ಬೆನ್ನು ತಿರುಗಿಸಿ ಬೆಳ್ಳುಳ್ಳಿ ಸುಲಿಯುತ್ತಿರುತ್ತಾರೆ, ಮೂಗಿನಿಂದಲೇ ತಿಳಿದು ಕೈ ಚಾಚಿ ಬಾಣಲೆ ಇಳಿಸುತ್ತಾರೆ. ಈ ಹಂತವನ್ನು ದಾಖಲಿಸಲು ಅವರ ಕೈ ಕೆಳಗೆ ತಕ್ಕಡಿ ಇಟ್ಟು ನೋಡಿದವರಿದ್ದಾರೆ. ಅಂಥ ದಿನಗಳಲ್ಲಿ ಅಜ್ಜಿ ತಕ್ಕಡಿಗೆ ಮರ್ಯಾದೆ ಕೊಟ್ಟು ಎಲ್ಲವನ್ನೂ ಒಂದಿಷ್ಟು ಹೆಚ್ಚಾಗಿ ಹಾಕುತ್ತಾರೆಂದೂ, ಆದ್ದರಿಂದ ಅಳತೆಯಾದ ಕರಿ ಎಂದಿನ ಕರಿಯಲ್ಲವೆಂದೂ ಮನೆಯವರು ಒಪ್ಪುತ್ತಾರೆ. ಅಳೆಯದ ಕರಿಯ ಅಳತೆ ಹೀಗೆ ಇಂದಿಗೂ ಅಜ್ಞಾತ.

ಎರಡನೆಯ ಸ್ಥಾನ ನೋಟ್‌ಬುಕ್. ತೋಟದ ಮನೆಗಳಲ್ಲಿ ಇದು ಬಹುತೇಕ ಹಳೆಯ ಚೆಕ್‌ರೋಲ್ ಪುಸ್ತಕವೇ ಆಗಿರುತ್ತದೆ. ಒಂದು ಬದಿಯಲ್ಲಿ ರೈಟರು ಬರೆದ ಆಳುಗಳ ಹಾಜರಿ, ಹಿಂಬದಿಯ ಖಾಲಿ ಹಾಳೆಯಲ್ಲಿ ಪಾಕ. ಮಳೆಗಾಲದ ಕಕ್ಕಡ ತಿಂಗಳ ತೇವದಲ್ಲಿ ಹಿಂಬದಿಯ ಶಾಯಿ ಈ ಬದಿಗೆ ಇಳಿದು ಹಾಜರಿಯೂ ಮಸಾಲೆಯೂ ಬೆರೆಯುತ್ತವೆ. "ಕೊತ್ತಂಬರಿ, ಅರ್ಧ ದಿನ" ಎಂದು ಓದಿಕೊಂಡ ಮೊಮ್ಮಗನು ಕೊತ್ತಂಬರಿಯನ್ನು ಮಧ್ಯಾಹ್ನದವರೆಗೆ ಹುರಿದರೆ ಅವನನ್ನು ದೂಷಿಸುವಂತಿಲ್ಲ; ಅವನು ಮೂಲಪಾಠಕ್ಕೆ ನಿಷ್ಠನಾಗಿದ್ದಾನೆ. ಅದೇ ವಾರ ತೋಟದ ಆಳೊಬ್ಬನಿಗೆ ಎರಡು ಚಮಚ ಕೂಲಿ ಪಾವತಿಯಾಗಿರುವ ಸಾಧ್ಯತೆಯನ್ನೂ ತಳ್ಳಿಹಾಕಲಾಗದು.

ನೋಟ್‌ಬುಕ್ಕಿನ ನಿಜವಾದ ತೊಂದರೆ ಶಾಯಿಯದಲ್ಲ, ವಿಳಾಸದ್ದು. ಅದರಲ್ಲಿ ಪಾಕಗಳಿಗಿಂತ ಪಾಕಗಳ ವಿಳಾಸಗಳೇ ಹೆಚ್ಚು. "ಮಸಾಲೆ: ಗೋಣಿಕೊಪ್ಪದ ಚಿಕ್ಕಮ್ಮ ಹೇಳಿದ ಹಾಗೆ" ಎಂಬ ಸಾಲು ಸ್ಮಾಲ್‌ಟಾಕಿನ ವಿಧಾನದ ಬಾಲದಲ್ಲಿರುವ ಬೈಟುಗಳ ಕೆಲಸವನ್ನೇ ಮಾಡುತ್ತದೆ. ವಿಳಾಸ ಹಿಡಿದು ಗೋಣಿಕೊಪ್ಪಕ್ಕೆ ಹೋದರೆ ಚಿಕ್ಕಮ್ಮ ಕಾಫಿ ಕೊಟ್ಟು, "ಅದಾ? ಅದನ್ನು ನಾನು ನಿಮ್ಮ ಅಜ್ಜಿ ಹತ್ತಿರವೇ ಕಲಿತದ್ದಲ್ಲವಾ" ಎನ್ನುತ್ತಾರೆ. ವೃತ್ತ ಪೂರ್ಣವಾಗುತ್ತದೆ. ಬಸ್ ಖರ್ಚು ಪ್ರತ್ಯೇಕ.

ತಿದ್ದುಪಡಿಗಳ ದಾಖಲೆಯಲ್ಲಿ ಮಾತ್ರ ನೋಟ್‌ಬುಕ್ಕನ್ನು ಮೀರಿಸುವ ಸಾಧನವಿಲ್ಲ. ಅಂಚಿನಲ್ಲಿ ನೀಲಿ ಶಾಯಿಯಲ್ಲಿ "ಉಪ್ಪು ಜಾಸ್ತಿ." ಅದರ ಕೆಳಗೆ ಬೇರೆ ಕೈಬರಹದಲ್ಲಿ "ಸರಿಯಾಗಿಯೇ ಇದೆ." ಅದರ ಕೆಳಗೆ ಪೆನ್ಸಿಲಿನಲ್ಲಿ "ಬಿಪಿ ಇರುವವರಿಗೆ ಜಾಸ್ತಿ." ಯಾವುದನ್ನೂ ಅಳಿಸಿಲ್ಲ. ಚೇಂಜಸ್ ಕಡತದ ನಿಯಮವೂ ಇದೇ: ಹಳೆಯದರ ಮೇಲೆ ಬರೆಯುವಂತಿಲ್ಲ, ಕೊನೆಗೆ ಸೇರಿಸಬೇಕು. ಆ ಕಡತದಲ್ಲಿ ಒಂದೊಂದು ತುಣುಕಿನ ಕೊನೆಗೂ ಆಶ್ಚರ್ಯಸೂಚಕ ಚಿಹ್ನೆ ಇರಬೇಕೆಂಬುದು ಕಟ್ಟಳೆ. ಚಿಹ್ನೆ ಕಂಡಾಗ ತುಣುಕು ಮುಗಿಯಿತೆಂದು ಯಂತ್ರ ತಿಳಿಯುತ್ತದೆ. ಕೊಡಗಿನ ನೋಟ್‌ಬುಕ್ಕುಗಳಲ್ಲೂ ಪ್ರತಿ ಪಾಕ "ಅಷ್ಟೇ!" ಎಂದು ಮುಗಿಯುತ್ತದೆ, ಆಶ್ಚರ್ಯಸೂಚಕ ಸಮೇತ. ಓದುವವರಿಗೆ ಏನೂ ತಿಳಿಯದ ಹಂತದಲ್ಲೇ ಈ ಚಿಹ್ನೆ ಬರುತ್ತದೆಂಬ ದೂರಿದೆ.

ಅಜ್ಜಿಯೂ ಇಲ್ಲದ, ನೋಟ್‌ಬುಕ್ಕೂ ಇಲ್ಲದ ಸ್ಥಿತಿಗೆ ಶಾಸ್ತ್ರದಲ್ಲಿ ಪರಿಹಾರ ಹೇಳಿದೆ. ಮೂಲಪಾಠದ ಕಡತ ಕಳೆದುಹೋದರೆ ಸ್ಮಾಲ್‌ಟಾಕ್ ಸುಮ್ಮನೆ ಕೂರುವುದಿಲ್ಲ. ಓಡುತ್ತಿರುವ ರೂಪದಿಂದಲೇ ಹಿಮ್ಮುಖವಾಗಿ ಪಾಠವನ್ನು ಊಹಿಸಿ ಬರೆಯುತ್ತದೆ. ಬರೆದದ್ದು ಕೆಲಸ ಮಾಡುತ್ತದೆ. ಆದರೆ ತಾತ್ಕಾಲಿಕ ಹೆಸರುಗಳೆಲ್ಲ ಹೋಗಿ ಟಿ1, ಟಿ2, ಟಿ3 ಎಂದಾಗಿರುತ್ತವೆ, ಮತ್ತು ಬರೆದವರು ಪಕ್ಕದಲ್ಲಿ ಇಟ್ಟ ಟಿಪ್ಪಣಿ ಒಂದೂ ಇರುವುದಿಲ್ಲ. ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಬಾಲ್ಯದ ರುಚಿಯನ್ನು ನೆನೆದು ಪಂದಿ ಕರಿ ಮಾಡುವ ಮಗನ ವಿಧಾನವೂ ಇದೇ. ನಾಲಗೆಯ ಮೇಲೆ ನಿಂತ ನೆನಪಿನಿಂದ ಅವನು ಹಿಮ್ಮುಖವಾಗಿ ಸಾಗಿ, ಪುಡಿ 1, ಪುಡಿ 2, ಹುಳಿ 1 ಎಂಬಲ್ಲಿಗೆ ತಲುಪುತ್ತಾನೆ. ಹುಳಿ 1ರ ಜಾಗದಲ್ಲಿ ಅಂಗಡಿಯ ವಿನೆಗರ್ ಕುಳಿತಿರುತ್ತದೆ. ವಿಡಿಯೊ ಕರೆ ಮಾಡಿ ಫೋನನ್ನು ಪಾತ್ರೆಯ ಕಡೆ ತಿರುಗಿಸಿದರೆ ವಿರಾಜಪೇಟೆಯ ಮನೆಯಿಂದ "ಇನ್ನೂ ಕಪ್ಪಾಗಲಿ" ಎಂಬ ಆದೇಶ ಬರುತ್ತದೆ. ಫೋನಿನ ಬೆಳಕಿನ ಹೊಂದಾಣಿಕೆಯನ್ನು ತಗ್ಗಿಸಿದ ಕೂಡಲೇ ಆ ಆದೇಶ ಹಿಂಪಡೆಯಲ್ಪಡುತ್ತದೆ.

ಹಿಮ್ಮುಖ ಪದ್ಧತಿಯಲ್ಲಿ ಕಳೆದುಹೋಗುವ ಟಿಪ್ಪಣಿಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ತಜ್ಞರಲ್ಲದವರು ಇವುಗಳನ್ನು ಅಲಂಕಾರ ಎಂದುಕೊಳ್ಳುತ್ತಾರೆ. "ಮಳೆಗಾಲವಾದರೆ ಇನ್ನೊಂದು ಕಾಲು ಗಂಟೆ." "ಮಾವ ಬರುವ ದಿನ ಖಾರ ಕಡಿಮೆ." "ನೀರು ಹಾಕಬೇಡ, ಅದೇ ಬಿಡುತ್ತದೆ." ಪಾಕ ಎಂದರೆ ವಾಸ್ತವವಾಗಿ ಇವೇ. ಇವುಗಳ ನಡುವೆ ಬರುವ ಮಾಂಸ, ಈರುಳ್ಳಿ, ಶುಂಠಿಗಳನ್ನು ಯಾರಾದರೂ ಊಹಿಸಬಲ್ಲರು.

ಮೂರನೆಯ ಸ್ಥಾನ ಪದಾರ್ಥದ ಮೈಮೇಲೆಯೇ. ಸ್ಮಾಲ್‌ಟಾಕಿನ ಒಂದು ಶಾಖೆಯಾಗಿ 1996ರಲ್ಲಿ ಹೊರಬಂದ ಸ್ಕ್ವೀಕ್‌ನಲ್ಲಿ ಮೂಲಪಾಠವನ್ನು ಒತ್ತಿ ಕುಗ್ಗಿಸಿ ವಿಧಾನದ ಬಾಲದಲ್ಲೇ ಅಡಗಿಸಿಡುವ ಅವಕಾಶವೂ ಬಂತು. ಕೊಡಗಿನಲ್ಲಿ ಇದರ ರೂಪ ಕಾಚಂಪುಳಿ ಬಾಟಲಿಗೆ ಅಂಟಿಸಿದ ಚೀಟಿ. ಬಾಟಲಿಯ ಹೊರಮೈಗೆ ಕಾಚಂಪುಳಿ ಸುರಿಯುವ ವೇಗಕ್ಕೂ ಚೀಟಿ ಓದಲು ಬೇಕಾಗುವ ವೇಗಕ್ಕೂ ಹೊಂದಿಕೆಯಾಗದೆ ಈ ಪದ್ಧತಿ ಕೈಬಿಟ್ಟುಹೋಯಿತು. ನಾಲ್ಕನೆಯದು ಒಕ್ಕದ, ಅಂದರೆ ಮನೆತನದ, ವಾಟ್ಸ್ಆ್ಯಪ್ ಗುಂಪು. ಅಲ್ಲಿ ಪಾಕದ ಫೋಟೊ ಇದೆಯೆಂದು ಎಲ್ಲರಿಗೂ ಗೊತ್ತು, ಎಲ್ಲಿದೆಯೆಂದು ಯಾರಿಗೂ ಗೊತ್ತಿಲ್ಲ. ಅದರ ಮೇಲೆ ಶುಭೋದಯದ ಹೂವುಗಳು ಪ್ರತಿದಿನ ಬೀಳುತ್ತಿರುತ್ತವೆ. ಈ ಎರಡು ಸ್ಥಾನಗಳ ಬಗ್ಗೆ ಹೆಚ್ಚಿನ ಚರ್ಚೆ ಅನಗತ್ಯ.

ಮೂಲಪಾಠವನ್ನು ಕೊಡಗಿನಲ್ಲಿ ಒಮ್ಮೆಯೂ ಯಾರೂ ಸರಿಯಾಗಿ ಇರಿಸಲಿಲ್ಲ ಎಂದರೆ ಅದು ಸುಳ್ಳಾಗುತ್ತದೆ. ದುಡಿ ಬಾರಿಸುತ್ತ ನಾಲ್ವರು ಹಾಡುವ ಕೊಡವ ಹಾಡುಗಳು ತಲೆಮಾರುಗಳ ಕಾಲ ಹಾಡುಗಾರರ ತಲೆಯಲ್ಲೇ ಇದ್ದವು. ಒಬ್ಬ ಮರೆತರೆ ಮೂವರ ಬಳಿ ಪ್ರತಿ ಇರುತ್ತಿತ್ತು. ನಡಿಕೇರಿಯಂಡ ಚಿಣ್ಣಪ್ಪ ಅವರು ಆ ಹಾಡುಗಳನ್ನೂ ಪದ್ಧತಿಗಳನ್ನೂ ಸಂಗ್ರಹಿಸಿ ಕನ್ನಡ ಲಿಪಿಯಲ್ಲಿ ಬರೆದಿಟ್ಟರು. 'ಪಟ್ಟೋಲೆ ಪಳಮೆ' 1924ರಲ್ಲಿ ಅಚ್ಚಾಯಿತು. ಅವರ ಮೊಮ್ಮಕ್ಕಳಾದ ಬೋವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ಅದನ್ನು ಇಂಗ್ಲಿಷಿಗೆ ತಂದದ್ದು 2003ರಲ್ಲಿ. ಸೋರ್ಸಸ್ ಕಡತ ಎಂದರೆ ಹೀಗಿರಬೇಕು: ಒಂದು ಕಡೆ, ಅಚ್ಚಿನಲ್ಲಿ, ಯಾರು ಬೇಕಾದರೂ ತೆರೆದು ನೋಡುವಂತೆ. ಹಾಡುಗಾರರು ಹಾಡುವಾಗ ಪುಸ್ತಕ ತೆರೆಯುವುದಿಲ್ಲ ಎಂಬುದು ಇದಕ್ಕೆ ದೋಷವಲ್ಲ. ಓಡುತ್ತಿರುವ ಸ್ಮಾಲ್‌ಟಾಕ್ ಕೂಡ ಓಡಲೆಂದು ಸೋರ್ಸಸ್ ಕಡತವನ್ನು ತೆರೆಯುವುದಿಲ್ಲ. ಹೀಗೆ ಹಾಡು ಅಚ್ಚಿಗೆ ಹೋಯಿತು. ಹಾಡಿದವರಿಗೆ ಬಡಿಸಿದ ಕರಿ ಅಡುಗೆಮನೆಯಲ್ಲೇ ಉಳಿಯಿತು.

ಇರಿಸಿದ ಪಾಠ ಸರಿಯೇ ಎಂದು ಪರೀಕ್ಷಿಸುವ ವಿಷಯದಲ್ಲೂ ಪಂದಿ ಕರಿ ಹಿಂದಿದೆ. ಕೊಡಗಿನ ಪಾಕಗಳಲ್ಲಿ ಸ್ವಯಂಚಾಲಿತ ಪರೀಕ್ಷೆಯ ಸೌಲಭ್ಯವಿರುವುದು ಮದ್ದ್ ಸೊಪ್ಪಿನ ಪಾಯಸಕ್ಕೆ ಮಾತ್ರ. ಕಕ್ಕಡ 18ರಂದು, ಅಂದರೆ ಆಗಸ್ಟ್ 3ರ ಸುಮಾರಿಗೆ, ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಸೇರುತ್ತದೆಂಬುದು ನಂಬಿಕೆ. ಸೊಪ್ಪನ್ನು ಕುದಿಸಿದರೆ ನೇರಳೆ ಬಣ್ಣದ ರಸ ಬಿಡುತ್ತದೆ, ಅದರಲ್ಲಿ ಪಾಯಸ ಮಾಡಿ ತಿನ್ನುತ್ತಾರೆ. ಪಾಕ ಸರಿಯಾಗಿದ್ದರೆ ಮರುದಿನ ಬೆಳಗ್ಗೆ ಮನೆಯ ಪ್ರತಿಯೊಬ್ಬ ಸದಸ್ಯನಿಗೂ ಪ್ರತ್ಯೇಕವಾಗಿ, ಖಾಸಗಿಯಾಗಿ, ಕೆಂಪು ಬಣ್ಣದಲ್ಲಿ ಫಲಿತಾಂಶ ತಲುಪುತ್ತದೆ. ಪಂದಿ ಕರಿಗೆ ಇಂಥ ನಿಷ್ಪಕ್ಷಪಾತ ವ್ಯವಸ್ಥೆ ಇಲ್ಲ. ಅಲ್ಲಿ ನೆಂಟರ ಅಭಿಪ್ರಾಯವನ್ನೇ ಅವಲಂಬಿಸಬೇಕು, ಮತ್ತು ನೆಂಟರು ಬಾಯಿತುಂಬ ಇರುವಾಗ ಅಭಿಪ್ರಾಯ ಕೊಡುವುದಿಲ್ಲ.

ಕೊನೆಯದಾಗಿ, ತಿದ್ದುವ ಅಧಿಕಾರ ಯಾರದು ಎಂಬ ಪ್ರಶ್ನೆ. ಒಂದು ಒಕ್ಕದಲ್ಲಿ ನಡೆದದ್ದನ್ನು ಮಾದರಿಯಾಗಿ ತೆಗೆದುಕೊಳ್ಳಬಹುದು. ಚೆಕ್‌ರೋಲ್ ಪುಸ್ತಕ ಬಿಡಿಬಿಡಿಯಾಗುತ್ತಿದೆಯೆಂದು ಕಿರಿಯ ಸೊಸೆ ಎಲ್ಲ ಪಾಕಗಳನ್ನೂ ಹೊಸ ನೋಟ್‌ಬುಕ್ಕಿಗೆ ಚೊಕ್ಕವಾಗಿ ಇಳಿಸಿದರು. ಅಂಚಿನ ತಿದ್ದುಪಡಿಗಳಲ್ಲಿ ಕೊನೆಯದನ್ನು ಮಾತ್ರ ಉಳಿಸಿಕೊಂಡು ಹಿಂದಿನವನ್ನು ಬಿಟ್ಟರು. ಸ್ಮಾಲ್‌ಟಾಕಿನಲ್ಲೂ ಚೇಂಜಸ್ ಕಡತ ಊದಿಕೊಂಡಾಗ ಹೀಗೆ ಕುಗ್ಗಿಸುವ ಕ್ರಮವಿದೆ, ಆದ್ದರಿಂದ ಅವರ ನಡತೆ ಶಾಸ್ತ್ರಸಮ್ಮತವೇ. ಹಳೆಯ ಪುಸ್ತಕ ಬಚ್ಚಲ ಒಲೆಗೆ ಹೋಯಿತು, ನೀರು ಚೆನ್ನಾಗಿ ಕಾಯಿತು. ಪಂದಿ ಕರಿಯ ಪಾಠದಲ್ಲಿ ಕೊನೆಯ ತಿದ್ದುಪಡಿ, ಯಾವ ಕಾಲದಲ್ಲಿ ಯಾರು ಬರೆದದ್ದೋ ತಿಳಿಯದ, ಪೆನ್ಸಿಲಿನ ಒಂದು ಸಾಲಾಗಿತ್ತು: "ಟೊಮೆಟೊ 1, ಸಣ್ಣದು."

ಸೆಪ್ಟೆಂಬರ್ 3ರ ಹಬ್ಬವಾದ ಕೈಲ್ ಪೊಳ್ದ್‌ನಂದು ಕೋವಿಗಳಿಗೆ ಪೂಜೆಯಾದ ಮೇಲೆ ಈ ಪಾಠ ಜಾರಿಗೆ ಬಂತು. ಹಿರಿಯ ಸೊಸೆ ಮೊದಲ ತುತ್ತಿಗೇ ಕೈ ನಿಲ್ಲಿಸಿದರು. ಟೊಮೆಟೊ ಎಂದೂ ಇರಲಿಲ್ಲ ಎಂದು ಅವರು. ಪುಸ್ತಕದಲ್ಲೇ ಇತ್ತು ಎಂದು ಕಿರಿಯರು. ಪುಸ್ತಕ ಬೂದಿಯಾಗಿದ್ದರಿಂದ ಸಾಕ್ಷ್ಯ ಲಭ್ಯವಿರಲಿಲ್ಲ. ಅಜ್ಜಿಯನ್ನು ಕೇಳಲಾಗಿ, ತಾವು ಆ ಪುಸ್ತಕವನ್ನು ಒಮ್ಮೆಯೂ ತೆರೆದಿಲ್ಲವೆಂದು ತಿಳಿಸಿದರು. ಹಾಗಾದರೆ ಅದರಲ್ಲಿ ಬರೆಯುತ್ತಿದ್ದವರು ಯಾರು ಎಂಬ ಹೊಸ ಪ್ರಶ್ನೆ ಇದರಿಂದ ಹುಟ್ಟಿತಾದರೂ ಊಟದ ಹೊತ್ತಾದ್ದರಿಂದ ಅದನ್ನು ಯಾರೂ ಎತ್ತಿಕೊಳ್ಳಲಿಲ್ಲ.

ವ್ಯಾಜ್ಯ ಒಕ್ಕದ ಹಿರಿಯರಾದ ಪಟ್ಟೆದಾರರ ಮುಂದೆ ಹೋಯಿತು. ಎರಡೂ ಪಾಠಗಳನ್ನು ಅಕ್ಕಪಕ್ಕದಲ್ಲಿ ಪರಿಶೀಲಿಸದೆ ತೀರ್ಪು ಕೊಡಲಾಗದೆಂದು ಅವರು ಅಭಿಪ್ರಾಯಪಟ್ಟರು. ಅದರಂತೆ ಟೊಮೆಟೊ ಇರುವ ಕರಿಯನ್ನೂ ಇಲ್ಲದ ಕರಿಯನ್ನೂ ಮಾಡಿ, ಅಕ್ಕಿಯ ಉಂಡೆಗಳಾದ ಕಡಂಬುಟ್ಟಿನೊಂದಿಗೆ ಅವರಿಗೆ ಬಡಿಸಲಾಯಿತು. ಮೊದಲ ಸುತ್ತಿನಲ್ಲಿ ವ್ಯತ್ಯಾಸ ಸ್ಪಷ್ಟವಾಗದ ಕಾರಣ ಎರಡನ್ನೂ ಮತ್ತೊಮ್ಮೆ ಬಡಿಸಿಕೊಂಡರು. ಎರಡನೆಯ ಸುತ್ತಿನ ನಂತರ ವಿಷಯ ಗಹನವಾದದ್ದೆಂದೂ, ಅವಸರದಲ್ಲಿ ನಿರ್ಧರಿಸತಕ್ಕದ್ದಲ್ಲವೆಂದೂ ಹೇಳಿ ಕೈ ತೊಳೆದರು. ಮುಂದಿನ ವಿಚಾರಣೆ ಸುಗ್ಗಿಯ ಹಬ್ಬವಾದ ಪುತ್ತರಿಗೆ ನಿಗದಿಯಾಗಿದೆ. ಎರಡೂ ಕಡೆಯವರು ತಮ್ಮ ತಮ್ಮ ಪಾಠದೊಂದಿಗೆ, ಪಾತ್ರೆ ಸಹಿತ, ಹಾಜರಿರತಕ್ಕದ್ದು.